ಹಾಲಿಗಿಂತ ಮೊದಲು ಬಿಸಿ: ಕಣ್ಣು ಬಿಡದ ಬೆಕ್ಕಿನ ಮರಿಗಳನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆ

ಕಾಸರಗೋಡು ಕಡೆಯ ಮನೆಗಳಲ್ಲಿ ಬೆಕ್ಕು ಮರಿ ಹಾಕುವ ಜಾಗಗಳು ಹೆಚ್ಚುಕಡಿಮೆ ಗೊತ್ತಿದ್ದವೇ. ಅಟ್ಟದ ಮೇಲಿನ ಹಳೇ ಬುಟ್ಟಿ, ಹಟ್ಟಿಯ ಬೈಹುಲ್ಲಿನ ರಾಶಿ, ಅಡಿಕೆ ಗೋಣಿಗಳ ಸಂದು, ಬಚ್ಚಲು ಒಲೆಯ ಹತ್ತಿರದ ಕಟ್ಟಿಗೆ ಮೂಲೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಎಲ್ಲಿಂದ ಕೇಳಿದರೂ ಪ್ರಶ್ನೆ ಒಂದೇ: “ಪುಚ್ಚೆ ಮರಿ ಹಾಕಿದೆ, ತಾಯಿ ಕಾಣುವುದಿಲ್ಲ, ಯಾವ ಹಾಲು ಕೊಡಬೇಕು?” ಕೇಳುವ ಹೊತ್ತಿಗೆ ಅರ್ಧ ಜನ ಆಗಲೇ ಫಿಲ್ಲರಿನಲ್ಲಿ ದನದ ಹಾಲು ಹಾಕಿ ಆಗಿರುತ್ತದೆ.

ಹಾಲಿನ ಪ್ರಶ್ನೆ ಬರಬೇಕಾದ್ದು ಮೂರನೆಯದಾಗಿ. ತಾಯಿ ನಿಜವಾಗಿಯೂ ಬಿಟ್ಟುಹೋಗಿದೆಯೇ ಎಂಬುದು ಮೊದಲನೆಯದು. ಮರಿಯ ಮೈ ಬಿಸಿ ಇದೆಯೇ ಎಂಬುದು ಎರಡನೆಯದು. ಈ ಎರಡನ್ನೂ ಹಾರಿಸಿ ಸೀದಾ ಹಾಲಿಗೆ ಕೈ ಹಾಕಿದರೆ ಬದುಕಬೇಕಾದ ಮರಿಯೂ ಕೈತಪ್ಪುತ್ತದೆ. ಕೆಳಗಿನ ಹಂತಗಳನ್ನು ಅದೇ ಸರದಿಯಲ್ಲಿ ಓದಿ.

ಅದಕ್ಕೂ ಮುಂಚೆ ಒಂದು ಸಣ್ಣ ಪರೀಕ್ಷೆ. ಹೆಂಚಿನ ಮಾಡಿನ ಸಂದಿಯಲ್ಲಿ ಪುನುಗುಬೆಕ್ಕೂ ಮರಿ ಹಾಕುತ್ತದೆ. ಮರಿಯ ಮೂತಿ ಚೂಪಾಗಿ ಮುಂದೆ ಬಂದಿದ್ದು, ಮೈ ಕಡು ಬೂದು ಅಥವಾ ಕಪ್ಪಾಗಿದ್ದು, ಬಾಲ ಮೈಯಷ್ಟೇ ಉದ್ದವಿದ್ದರೆ ಅದು ಸಾಕುಬೆಕ್ಕಿನ ಮರಿಯಾಗಿರಲಿಕ್ಕಿಲ್ಲ. ಬೆಕ್ಕಿನ ಮರಿಯ ಮುಖ ಮೊಂಡು, ದುಂಡು. ಪುನುಗು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಮನೆಯಲ್ಲಿ ಸಾಕುವಂತಿಲ್ಲ. ಇದ್ದಲ್ಲೇ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಮೊದಲೇ ಕೂಡಿಟ್ಟುಕೊಳ್ಳಬೇಕಾದ್ದು

ಒಂದು ಎತ್ತರದ ರಟ್ಟಿನ ಪೆಟ್ಟಿಗೆ, ನಾಲ್ಕೈದು ಹಳೇ ಹತ್ತಿ ಬಟ್ಟೆ ಅಥವಾ ಬೈರಾಸು, ಬಿಸಿನೀರು ತುಂಬಿಸುವ ರಬ್ಬರ್ ಚೀಲ ಇಲ್ಲವೇ ಗಟ್ಟಿ ಬಾಟ್ಲಿ, ಒಂದು ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆ ತಕ್ಕಡಿ, ಹತ್ತಿ, ಸೂಜಿಯಿಲ್ಲದ 2 ಮತ್ತು 5 ಮಿ.ಲೀ. ಸಿರಿಂಜ್, ಮರಿಗಳಿಗೆಂದೇ ಬರುವ ಸಣ್ಣ ನಿಪ್ಪಲ್. ಮತ್ತೊಂದು ನೋಟ್‌ಬುಕ್. ತಕ್ಕಡಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಈ ಪಟ್ಟಿಯಲ್ಲಿ ಒಂದನ್ನೇ ಕೊಳ್ಳುವ ಶಕ್ತಿ ಇದ್ದರೆ ತಕ್ಕಡಿಯನ್ನೇ ಕೊಳ್ಳಿ ಎನ್ನುತ್ತೇನೆ. ಕಾರಣ ಎರಡನೇ ಹಂತದಲ್ಲಿದೆ.

1. ತಾಯಿಗೆ ಸಮಯ ಕೊಡಿ

ಬೆಕ್ಕು ಮರಿಯನ್ನು ಏಳು ಮನೆ ದಾಟಿಸುತ್ತದೆ ಎಂಬ ಮಾತು ನಮ್ಮಲ್ಲಿಯೂ ಇದೆ, ಮಲಯಾಳದವರ ‘ಇಲ್ಲಂ ಕಡತ್ತಲ್’ ಕೂಡ ಅದೇ. ಏಳರ ಲೆಕ್ಕ ಹೇಗೋ ಏನೋ, ತಾಯಿ ಜಾಗ ಬದಲಿಸುವುದು ಮಾತ್ರ ಖಂಡಿತ. ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಗುವಾಗ ನಿಮ್ಮ ಕಣ್ಣಿಗೆ ಬಿದ್ದದ್ದು ಉಳಿದ ಎರಡು ಮರಿ ಇರಬಹುದು. ಬೇಟೆಗೆಂದು ಹೋದ ತಾಯಿ ಮೂರು ನಾಲ್ಕು ಗಂಟೆ ಬಾರದೆ ಇರುವುದೂ ಇದೆ.

ಮರಿಗಳು ಒಂದಕ್ಕೊಂದು ಅಂಟಿಕೊಂಡು, ಹೊಟ್ಟೆ ದುಂಡಗಿದ್ದು, ಸುಮ್ಮನೆ ಮಲಗಿದ್ದರೆ ಅವಕ್ಕೆ ಈಗಷ್ಟೇ ಹಾಲು ಸಿಕ್ಕಿದೆ. ಮುಟ್ಟಬೇಡಿ. ಸುತ್ತ ತೆಳುವಾಗಿ ಅಕ್ಕಿಹುಡಿ ಉದುರಿಸಿ ದೂರ ಹೋಗಿ. ತಾಯಿ ಬಂದುಹೋದರೆ ಹೆಜ್ಜೆ ಗುರುತು ಬೀಳುತ್ತದೆ. ದೂರ ಎಂದರೆ ನಿಜಕ್ಕೂ ದೂರ. ಅಟ್ಟದ ಏಣಿಯ ಬುಡದಲ್ಲಿ ಮನೆಮಂದಿಯೆಲ್ಲ ನಿಂತು ನೋಡುತ್ತಿದ್ದರೆ ಯಾವ ಬೆಕ್ಕೂ ಹತ್ತಿ ಬರುವುದಿಲ್ಲ.

ಕಾಯದೆ ತಕ್ಷಣ ಎತ್ತಿಕೊಳ್ಳಬೇಕಾದ ಸಂದರ್ಭಗಳೂ ಇವೆ: ಮರಿ ತಣ್ಣಗಾಗಿದ್ದರೆ, ಎಡೆಬಿಡದೆ ಕಿರುಚುತ್ತಿದ್ದರೆ, ಒದ್ದೆಯಾಗಿದ್ದರೆ, ಇರುವೆ ಮುತ್ತಿದ್ದರೆ, ಅಥವಾ ತಾಯಿ ಸತ್ತದ್ದು ನಿಮಗೆ ಗೊತ್ತಿದ್ದರೆ.

ಮನುಷ್ಯ ಮುಟ್ಟಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬ ನಂಬಿಕೆಯಲ್ಲಿ ಹುರುಳಿಲ್ಲ. ಆದರೆ ದಿನಕ್ಕೆ ಹತ್ತು ಸಲ ಮಕ್ಕಳು ಹೋಗಿ ಎತ್ತಿ ನೋಡುತ್ತಿದ್ದರೆ ಅದು ಜಾಗ ಬದಲಿಸುತ್ತದೆ, ಹೊಸ ಜಾಗ ಮಳೆನೀರು ಸೋರುವಲ್ಲಿಯೂ ಇರಬಹುದು.

ತಾಯಿ ಇದ್ದರೆ ನಿಮ್ಮ ಕೆಲಸ ತಾಯಿಯ ಹೊಟ್ಟೆ ನೋಡಿಕೊಳ್ಳುವುದು, ಅಷ್ಟೇ. ಮೊಲೆಯೂಡುವ ಬೆಕ್ಕಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ಮುಳ್ಳು ತೆಗೆದ ಬೇಯಿಸಿದ ಮೀನು, ಕೋಳಿ, ಮೊಟ್ಟೆ ಒಳ್ಳೆಯದು. ಮರಿಗಳಿಗೆಂದು ಬರುವ ಒಣ ತಿಂಡಿಯನ್ನೇ ತಾಯಿಗೂ ಹಾಕಬಹುದು. ಸಸ್ಯಾಹಾರಿ ಮನೆಯವರು ಹಾಲನ್ನ ಹಾಕಿ ಸಾಕುತ್ತೇವೆ ಎಂದರೆ ನನಗೆ ಒಪ್ಪಿಗೆಯಿಲ್ಲ. ಬೆಕ್ಕು ಮಾಂಸಾಹಾರಿ, ಮೊಲೆಯೂಡುವಾಗಲಂತೂ ಅನ್ನದಲ್ಲಿ ಅದರ ಗಾಡಿ ಓಡುವುದಿಲ್ಲ. ಅಂಥವರಿಗೆ ಅಂಗಡಿಯ ಒಣ ತಿಂಡಿಯೇ ದಾರಿ. ತಾಯಿ ನಡುಗುತ್ತಿದ್ದರೆ, ಕಾಲು ಸೆಟೆದುಕೊಂಡು ಏದುಸಿರು ಬಿಡುತ್ತಿದ್ದರೆ ರಕ್ತದಲ್ಲಿ ಸುಣ್ಣದ ಅಂಶ ಕುಸಿದಿದೆ ಎಂದು ಅರ್ಥ. ನಾಳೆ ನೋಡೋಣ ಎನ್ನುವ ಮಾತೇ ಇಲ್ಲ, ಆ ಗಳಿಗೆಯಲ್ಲೇ ವೈದ್ಯರ ಬಳಿ ಹೋಗಬೇಕು. ಮೊಲೆ ಕೆಂಪಾಗಿ ಗಟ್ಟಿಯಾಗಿ ಮುಟ್ಟಲು ಬಿಡದಿದ್ದರೆ ಕೆಚ್ಚಲುಬಾವು, ಅದಕ್ಕೂ ಮದ್ದು ಬೇಕು.

ತಾಯಿ ಇಲ್ಲವೆಂದು ಖಚಿತವಾದರೆ, ಆಚೆಮನೆಯಲ್ಲಿ ಈಚೆಗೆ ಮರಿ ಹಾಕಿದ ಬೆಕ್ಕು ಇದೆಯೇ ವಿಚಾರಿಸಿ. ಅದರ ಮರಿಗಳ ಮೈಗೆ ಉಜ್ಜಿದ ಬಟ್ಟೆಯಿಂದ ಈ ಮರಿಯನ್ನೂ ಒರಸಿ ನಡುವೆ ಇಟ್ಟರೆ ಎಷ್ಟೋ ಬೆಕ್ಕುಗಳು ಒಪ್ಪಿಕೊಳ್ಳುತ್ತವೆ. ಅರ್ಧ ಗಂಟೆ ಹತ್ತಿರವೇ ಇದ್ದು ನೋಡಿ. ಒಪ್ಪಿತೆಂದರೆ ಮುಂದಿನ ನಾಲ್ಕು ವಾರದ ನಿಮ್ಮ ನಿದ್ದೆ ಉಳಿಯಿತು.

2. ತೂಗಿ, ವಯಸ್ಸು ಅಂದಾಜು ಮಾಡಿ

ಹುಟ್ಟಿದ ಮರಿಯ ತೂಕ ಸುಮಾರು 90ರಿಂದ 110 ಗ್ರಾಂ. ಹೊಕ್ಕುಳಬಳ್ಳಿ ಒಣಗಿ ಅಂಟಿಕೊಂಡಿದ್ದರೆ ವಯಸ್ಸು ನಾಲ್ಕೈದು ದಿನದೊಳಗೆ. ಕಣ್ಣು 7ರಿಂದ 14 ದಿನದ ನಡುವೆ ತೆರೆಯುತ್ತದೆ. ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿಯೇ, ಅದನ್ನು ನೋಡಿ ವಿದೇಶಿ ಜಾತಿ ಎಂದುಕೊಳ್ಳಬೇಡಿ. ಮೂರನೇ ವಾರಕ್ಕೆ ಕಿವಿ ನೆಟ್ಟಗಾಗಿ, ಮುಂದಿನ ಪುಟ್ಟ ಹಲ್ಲು ಒಡೆದು, ತೂರಾಡುತ್ತ ನಡೆಯಲು ಶುರುಮಾಡುತ್ತವೆ. ನಾಲ್ಕನೇ ವಾರದ ಕೊನೆಗೆ ತೂಕ 400 ಗ್ರಾಂ ಆಸುಪಾಸು.

ಚೆನ್ನಾಗಿ ಬೆಳೆಯುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ, ಹಾಲು ಕೊಡುವ ಮೊದಲು ತೂಗಿ ಬರೆದಿಡಿ. ಮರಿ ಸೊರಗುವುದು ಕಣ್ಣಿಗೆ ಕಾಣುವ ಮೊದಲು ತಕ್ಕಡಿಗೆ ಗೊತ್ತಾಗುತ್ತದೆ. ಒಂದು ದಿನ ತೂಕ ನಿಂತರೆ ಎಚ್ಚರ, ಇಳಿದರೆ ಆ ದಿನವೇ ವೈದ್ಯರು. ಮೂರು ನಾಲ್ಕು ಮರಿಗಳಿದ್ದು ಗುರುತು ಸಿಗದಿದ್ದರೆ ಉಗುರಿನ ಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆ ಇಡುವವರಿದ್ದಾರೆ. ನೇಲ್ ಪಾಲಿಶ್ ಒಣಗುವ ಮುಂಚೆ ಮರಿ ಅದನ್ನು ನೆಕ್ಕೀತು ಎಂಬ ಭಯಕ್ಕೆ ನಾನು ಬಾಲದ ಬುಡದಲ್ಲಿ ಸ್ವಲ್ಪ ಕೂದಲು ಕತ್ತರಿಸಿ ಗುರುತು ಮಾಡಿಕೊಳ್ಳುತ್ತೇನೆ. ಕೊರಳಿಗೆ ನೂಲು ಮಾತ್ರ ಕಟ್ಟಲೇಬೇಡಿ.

3. ಬಿಸಿ

ಮೊದಲ ವಾರದ ಮರಿಗೆ ಚಳಿಯಾದರೆ ನಡುಗಲೂ ಬರುವುದಿಲ್ಲ. ನಡುಕವೆಂದರೆ ಮೈ ತಾನೇ ಬಿಸಿ ಹುಟ್ಟಿಸಿಕೊಳ್ಳುವ ಉಪಾಯ, ಅದು ಇನ್ನೂ ಕಲಿತಿರುವುದಿಲ್ಲ. ತಾಯಿಯ ಹೊಟ್ಟೆಯ ಶಾಖವೇ ಅದರ ಒಲೆ. ಒಲೆ ಆರಿದರೆ ಮೈ ತಣ್ಣಗಾಗುತ್ತದೆ, ಮೈ ತಣ್ಣಗಾದರೆ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹಾಕಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ, ಇಲ್ಲವೇ ಗಂಟಲಿಗೆ ಮರಳಿ ಶ್ವಾಸಕೋಶಕ್ಕೆ ಇಳಿಯುತ್ತದೆ. ನಾನು ಮೊದಲ ಸಲ ಸಾಕಿದ ಮೂರರಲ್ಲಿ ಒಂದು ಮರಿ ಹೋದದ್ದು ಹಾಗೆಯೇ. ತಣ್ಣಗಿದ್ದದ್ದು ಹಸಿವಿನಿಂದ ಎಂದುಕೊಂಡು ಹಾಲು ಹಾಕಿದ್ದೆ.

ನಿಮ್ಮ ಕಿರುಬೆರಳನ್ನು ತೊಳೆದು ಮರಿಯ ಬಾಯೊಳಗೆ ಇಟ್ಟು ನೋಡಿ. ಒಳಗೆ ಬೆಚ್ಚಗಿದ್ದು ಚೀಪಲು ಹವಣಿಸಿದರೆ ಹಾಲಿಗೆ ಸಿದ್ಧ. ಬಾಯಿ ತಣ್ಣಗಿದ್ದು ಚೀಪದಿದ್ದರೆ ಹಾಲು ಬೇಡ, ಬಿಸಿ ಕೊಡಿ.

ತಣ್ಣಗಾದ ಮರಿಯನ್ನು ಬಿಸಿಮಾಡುವುದು ಅವಸರದ ಕೆಲಸವಲ್ಲ. ಒಂದರಿಂದ ಮೂರು ಗಂಟೆ ಹಿಡಿಯಬೇಕು. ಒದ್ದೆಯಿದ್ದರೆ ಮೊದಲು ಒರಸಿ ಒಣಗಿಸಿ. ಆಮೇಲೆ ಅಂಗಿಯೊಳಗೆ ನಿಮ್ಮ ಎದೆಗೆ ತಾಗಿಸಿ ಹಿಡಿದುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಬಿಸಿನೀರಲ್ಲಿ ಮುಳುಗಿಸುವುದು, ಒಲೆಯ ಮುಂದೆ ಇಡುವುದು, ಹೇರ್ ಡ್ರೈಯರ್ ಹತ್ತಿರ ಹಿಡಿಯುವುದು ಬೇಡ. ಮೈ ಸ್ವಲ್ಪ ಬೆಚ್ಚಗಾದರೂ ಜೋತುಬಿದ್ದಿದ್ದರೆ ಗ್ಲೂಕೋಸ್ ಹುಡಿ ಅಥವಾ ಸಕ್ಕರೆಯನ್ನು ಬಿಸಿನೀರಲ್ಲಿ ಗಟ್ಟಿಯಾಗಿ ಕರಗಿಸಿ, ಒಂದೆರಡು ಹನಿಯನ್ನು ಬೆರಳಲ್ಲಿ ಅದ್ದಿ ಒಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ.

ಈಗ ಗೂಡು. ರಟ್ಟಿನ ಪೆಟ್ಟಿಗೆಯ ಅರ್ಧ ಭಾಗದಲ್ಲಿ ಬಿಸಿನೀರಿನ ಚೀಲವನ್ನು ಎರಡು ಸುತ್ತು ಬೈರಾಸಿನಲ್ಲಿ ಸುತ್ತಿ ಇಡಿ. ಉಳಿದರ್ಧ ಬಿಸಿಯಿಲ್ಲದೆ ಖಾಲಿ ಇರಲಿ. ಸೆಕೆಯಾದರೆ ಮರಿ ತೆವಳಿಕೊಂಡು ಆಚೆ ಹೋಗಲು ಜಾಗ ಬೇಕು. ಮರಿ ಇರುವ ಜಾಗದ ಶಾಖ ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್, ಎರಡನೇ ವಾರ 27ರಿಂದ 29, ನಾಲ್ಕನೇ ವಾರದ ಹೊತ್ತಿಗೆ 24 ಸಾಕು. ಎಪ್ರಿಲ್, ಮೇಯಲ್ಲಿ ನಮ್ಮ ಹಗಲೇ ಇದನ್ನು ಕೊಡುತ್ತದೆ. ಆಗ ತಗಡಿನ ಮಾಡಿನ ಕೆಳಗೆ ಇಟ್ಟರೆ ಸೆಕೆಗೇ ಸಾಯಬಹುದು. ತೊಂದರೆ ಬರುವುದು ಜೂನ್ ನಂತರ. ಆಟಿ ತಿಂಗಳ ರಾತ್ರಿ ಹೆಂಚಿನ ಮನೆಯೊಳಗಿನ 24 ಡಿಗ್ರಿ ನಮಗೆ ಕಂಬಳಿ ಹೊದ್ದು ಮಲಗುವ ಸುಖ, ಎರಡು ದಿನದ ಮರಿಗೆ ಅದೇ ಪ್ರಾಣಾಂತಿಕ.

ಬಲ್ಬು ಉರಿಸಿ ಶಾಖ ಕೊಡುವುದು ಹಳೆಯ ಕ್ರಮ. ಗಾಳಿಮಳೆಗೆ ಕರೆಂಟು ಹೋದರೆ ಅದೂ ಹೋಯಿತು, ತೀರಾ ಹತ್ತಿರ ಇಟ್ಟರೆ ಮರಿ ಸುಟ್ಟುಕೊಳ್ಳುತ್ತದೆ. ಕರೆಂಟಿಲ್ಲದ ರಾತ್ರಿಗೆ ನನ್ನ ಉಪಾಯ ಬೆಳ್ತಿಗೆ ಅಕ್ಕಿ. ಎರಡು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಬಿಸಿಮಾಡಿ ದಪ್ಪ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ, ನಿಮ್ಮ ಕೆನ್ನೆಗೆ ಹಿಡಿದು ನೋಡಿ. ಕೆನ್ನೆಗೆ ಹಿತವೆನಿಸಿದರೆ ಮರಿಯ ಪಕ್ಕ ಇಡಬಹುದು. ಇದರ ಶಾಖ ಒಂದು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಬಿಸಿ ಆರಿದ ನೀರಿನ ಚೀಲ ಮರಿಯ ಮೈಯ ಶಾಖವನ್ನೇ ಹೀರುತ್ತದೆ, ಆರಿದ್ದನ್ನು ಕೂಡಲೇ ತೆಗೆಯಿರಿ.

ಗೋಣಿಚೀಲ ಹಾಸಬೇಡಿ. ನೂಲು ಉಗುರಿಗೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ತೋಟದ ಮನೆಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಮೈಲುತುತ್ತು ಕಟ್ಟಿದ ಚೀಲ, ಅಡಿಕೆಗೆ ಸಿಂಪಡಿಸುವ ಬೋರ್ಡೋ ಮದ್ದು ಕಲಸಿದ ಬಕೆಟು ಮನೆಯ ಸುತ್ತ ಇರುತ್ತವೆ. ಅವು ಗೂಡಿನ ಹತ್ತಿರ ಸುಳಿಯಬಾರದು.

ಇರುವೆಯ ವಿಷಯ ಪೇಟೆಯವರು ಬರೆಯುವುದಿಲ್ಲ, ಆದರೆ ನಮ್ಮಲ್ಲಿ ಕಣ್ಣು ಬಿಡದ ಮರಿಗೆ ಹಾವಿಗಿಂತ ಇರುವೆಯೇ ದೊಡ್ಡ ಶತ್ರು. ಪೆಟ್ಟಿಗೆಯನ್ನು ನೆಲದಲ್ಲಿ ಇಡದೆ ಸ್ಟೂಲಿನ ಮೇಲಿಟ್ಟು, ಸ್ಟೂಲಿನ ನಾಲ್ಕೂ ಕಾಲನ್ನು ನೀರು ತುಂಬಿದ ತಟ್ಟೆಗಳಲ್ಲಿ ನಿಲ್ಲಿಸಿ. ಪೆಟ್ಟಿಗೆ ಗೋಡೆಗೆ ತಾಗಬಾರದು, ಬಟ್ಟೆ ಕೆಳಗೆ ಇಳಿಬೀಳಬಾರದು. ಚೆಲ್ಲಿದ ಹಾಲನ್ನು ಕೂಡಲೇ ಒರಸಿ. ಇರುವೆ ಚಾಕ್, ಇರುವೆ ಹುಡಿ ಬಳಸಬೇಡಿ. ಅದರಲ್ಲಿರುವ ಕೀಟನಾಶಕ ಬೆಕ್ಕಿನ ಜಾತಿಗೇ ವಿಷ.

4. ಹಾಲು

ಈಗ ನಿಮ್ಮ ಪ್ರಶ್ನೆಗೆ ಬಂದೆವು. ಸರಿಯಾದ ಉತ್ತರ ಒಂದೇ: ಬೆಕ್ಕಿನ ಮರಿಗಳಿಗೆಂದು ತಯಾರಿಸಿದ ಹಾಲಿನ ಹುಡಿ. ಅಂಗಡಿಯಲ್ಲಿ ‘ಕಿಟನ್ ಮಿಲ್ಕ್ ರಿಪ್ಲೇಸರ್’ ಎಂದು ಕೇಳಿ, ಅಂದರೆ ತಾಯಿಹಾಲಿನ ಬದಲಿಗೆ ಕೊಡುವ ಹಾಲು. ಕಾಸರಗೋಡು, ಕಾಞಂಗಾಡ್ ಅಥವಾ ಮಂಗಳೂರಿನ ಸಾಕುಪ್ರಾಣಿ ಅಂಗಡಿಗಳಿಗೆ ಮೊದಲು ಫೋನ್ ಮಾಡಿ, ಇದ್ದರೆ ಮಾತ್ರ ಹೋಗಿ. ನಾಯಿಮರಿಯ ಹಾಲಿನ ಹುಡಿ ಕೊಡುತ್ತೇವೆ ಎಂದರೆ ಒಪ್ಪಿಕೊಳ್ಳಬೇಡಿ.

ದನದ ಹಾಲು ಯಾಕೆ ಆಗದು? ಬೆಕ್ಕಿನ ಹಾಲಿನಲ್ಲಿ ಪ್ರೋಟೀನು ದನದ ಹಾಲಿನದರ ಸುಮಾರು ಎರಡು ಪಟ್ಟು. ದನದ ಹಾಲಿನಲ್ಲಿ ಪ್ರೋಟೀನು ಕಡಿಮೆ, ಅದಕ್ಕೆ ಹೋಲಿಸಿದರೆ ಹಾಲಿನ ಸಕ್ಕರೆ ಹೆಚ್ಚು. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮೈಗೆ ಹತ್ತುವುದಿಲ್ಲ, ಬೇಧಿ ಶುರುವಾಗುತ್ತದೆ. 100 ಗ್ರಾಂ ತೂಕದ ಜೀವಕ್ಕೆ ಒಂದು ದಿನದ ಬೇಧಿ ಸಾಕು. ನೀರು ಬೆರೆಸಿ ತೆಳು ಮಾಡಿದರೆ ಇದ್ದ ಸತ್ವವೂ ಹೋಯಿತು. ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ತಳಿಯ ದನ ಇದೆ, ಅದರ ಹಾಲು ಬೇರೆಯೇ ಎನ್ನುವವರಿಗೂ ಇದೇ ಉತ್ತರ. ಅದು ಕರುವಿಗೆ ಒಳ್ಳೆಯದು, ನಿಮಗೂ ಒಳ್ಳೆಯದು. ಮಕ್ಕಳ ಡಬ್ಬಿ ಹಾಲೂ ಬೇಡ.

ಹುಡಿ ಬರುವ ತನಕ ಏನು ಮಾಡುವುದು? ಮೊದಲ ಕೆಲವು ಗಂಟೆಗೆ ಮೆಡಿಕಲ್‌ನಲ್ಲಿ ಸಿಗುವ ಓಆರ್‌ಎಸ್ ಹುಡಿಯನ್ನು ಪ್ಯಾಕೆಟ್ಟಿನ ಅಳತೆಯಂತೆ ಕುದಿಸಿ ಆರಿಸಿದ ನೀರಲ್ಲಿ ಕರಗಿಸಿ, ಬೆಚ್ಚಗೆ ಕೊಡಬಹುದು. ಅದಕ್ಕೂ ಮೀರಿ ತಡವಾದರೆ ಆಡಿನ ಹಾಲು ಒಂದು ಹಗಲು ಒಂದು ರಾತ್ರಿಯ ಮಟ್ಟಿಗೆ ದಾಟಿಸುತ್ತದೆ. ಅದೂ ಪೂರ್ಣ ಆಹಾರವಲ್ಲ, ಅದರಲ್ಲೇ ಸಾಕುತ್ತೇನೆ ಎಂದು ಹೊರಡಬೇಡಿ.

ಅಳತೆಗೆ ಒಂದು ಸರಳ ಸೂತ್ರವಿದೆ. ಒಂದು ಹೊತ್ತಿಗೆ, ಮೈತೂಕದ ಪ್ರತಿ 100 ಗ್ರಾಂಗೆ 4 ಮಿ.ಲೀ. ಮೀರಬಾರದು. ಹೊಟ್ಟೆಯಲ್ಲಿ ಅಷ್ಟೇ ಜಾಗ. ದಿನಕ್ಕೆ ಒಟ್ಟು 100 ಗ್ರಾಂಗೆ 20ರಿಂದ 25 ಮಿ.ಲೀ. ಬೇಕಾಗುತ್ತದೆ, ಡಬ್ಬಿಯ ಮೇಲಿನ ಲೆಕ್ಕ ಬೇರೆಯಿದ್ದರೆ ಅದನ್ನೇ ಅನುಸರಿಸಿ.

ಮೊದಲ ವಾರ: ಎರಡರಿಂದ ಮೂರು ಗಂಟೆಗೊಮ್ಮೆ, ರಾತ್ರಿಯೂ.
ಎರಡನೇ ವಾರ: ಮೂರರಿಂದ ನಾಲ್ಕು ಗಂಟೆಗೊಮ್ಮೆ.
ಮೂರನೇ ವಾರ: ನಾಲ್ಕರಿಂದ ಐದು ಗಂಟೆಗೊಮ್ಮೆ.
ನಾಲ್ಕನೇ ವಾರ: ಐದಾರು ಗಂಟೆಗೊಮ್ಮೆ.

ಮೊದಲ ವಾರದ ರಾತ್ರಿಗಳನ್ನು ಒಬ್ಬರೇ ಹೊರಲು ಹೋಗಬೇಡಿ. ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಹನ್ನೆರಡು ಗಂಟೆಯ ಪಾಳಿ ಅವರದ್ದು, ನಾಲ್ಕರ ಪಾಳಿ ಬೇಗ ಏಳುವ ಅಜ್ಜಿಯದ್ದು.

ಕುಡಿಸುವ ಭಂಗಿಯಲ್ಲೇ ಎಲ್ಲವೂ ಇದೆ. ಮರಿ ತಾಯಿಯ ಹತ್ತಿರ ಹೇಗೆ ಕುಡಿಯುತ್ತದೆ ನೆನಪಿಸಿಕೊಳ್ಳಿ: ಹೊಟ್ಟೆ ಕೆಳಗೆ, ತಲೆ ತುಸು ಮೇಲೆ. ನೀವೂ ಹಾಗೆಯೇ, ಮಡಿಲಲ್ಲಿ ಬೈರಾಸು ಹಾಸಿ ಹೊಟ್ಟೆಯ ಮೇಲೆ ಮಲಗಿಸಿ. ಮಗುವನ್ನು ಮಲಗಿಸಿದಂತೆ ಅಂಗಾತ ಹಿಡಿದರೆ ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ನಾನು ಕಂಡ ತಪ್ಪುಗಳಲ್ಲಿ ಇದೇ ಹೆಚ್ಚು, ಅದೂ ಅತಿ ಪ್ರೀತಿಯವರಿಂದ.

ಹಾಲು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಉಗುರುಬೆಚ್ಚಗೆ ತಾಗಬೇಕು. ಮರಿ ಚೀಪಿದಷ್ಟೇ ಬರಲಿ, ಸಿರಿಂಜ್ ಒತ್ತಿ ಬಾಯಿಗೆ ಚಿಮ್ಮಿಸಬೇಡಿ. ಇಂಕ್ ಫಿಲ್ಲರ್‌ನ ತೊಂದರೆಯೂ ಇದೇ, ಅದರಲ್ಲಿ ಹನಿಯ ಹತೋಟಿ ಸಿಗುವುದಿಲ್ಲ. ಮೂಗಿನಲ್ಲಿ ಹಾಲು ಗುಳ್ಳೆ ಕಂಡರೆ ತಕ್ಷಣ ನಿಲ್ಲಿಸಿ, ತಲೆ ತುಸು ತಗ್ಗಿಸಿ ಒರಸಿ. ಆಮೇಲೆ ಉಸಿರಿನಲ್ಲಿ ಗೊರಗೊರ ಸದ್ದು, ಕೆಮ್ಮು ಕಂಡರೆ ನ್ಯುಮೋನಿಯಾದ ಗುಮಾನಿ, ವೈದ್ಯರಿಗೆ ತೋರಿಸಿ. ಕುಡಿದಾದ ಮೇಲೆ ಭುಜಕ್ಕೆ ಆನಿಸಿ ಬೆನ್ನನ್ನು ಮೆಲ್ಲಗೆ ತಟ್ಟಿದರೆ ಗಾಳಿ ಹೊರಬರುತ್ತದೆ.

ಕಲಸಿದ ಹಾಲು ಫ್ರಿಜ್ಜಿನಲ್ಲಿ 24 ಗಂಟೆ ಇರಬಹುದು. ಬಾಟ್ಲಿಯಲ್ಲಿ ಉಳಿದದ್ದನ್ನು ಚೆಲ್ಲಿ. ಸಿರಿಂಜ್, ನಿಪ್ಪಲ್ ಪ್ರತಿಸಲವೂ ಬಿಸಿನೀರಲ್ಲಿ ತೊಳೆಯಿರಿ.

5. ಉಚ್ಚೆ, ಕಕ್ಕ

ಇದನ್ನು ಹೇಳಿದರೆ ಎಷ್ಟೋ ಜನಕ್ಕೆ ಆಶ್ಚರ್ಯ. ಸುಮಾರು ಮೂರು ವಾರದವರೆಗೆ ಮರಿಗೆ ತಾನಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ. ತಾಯಿ ನೆಕ್ಕಿದಾಗಲೇ ಆಗುವುದು. ತಾಯಿಯಿಲ್ಲದ ಮರಿಗೆ ಹೊಟ್ಟೆ ತುಂಬ ಹಾಲು ಕೊಟ್ಟು ಇದನ್ನು ಮರೆತರೆ ಹೊಟ್ಟೆ ಉಬ್ಬಿ ಸಾಯುತ್ತದೆ.

ಪ್ರತಿಸಲ ಹಾಲು ಕೊಡುವ ಮೊದಲು ಅಥವಾ ನಂತರ, ಹತ್ತಿಯನ್ನು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ ಬಾಲದ ಬುಡದಲ್ಲಿ ಮೆಲ್ಲಗೆ ಸವರುತ್ತಿರಿ. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಉಚ್ಚೆ ಬರುತ್ತದೆ. ಪೂರ್ತಿ ನಿಲ್ಲುವವರೆಗೆ ಸವರಿ, ಒಣಬಟ್ಟೆಯಿಂದ ಒರಸಿ. ಉಜ್ಜಿದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಉಚ್ಚೆ ತಿಳಿ ಹಳದಿ ಇರಬೇಕು, ಕಡು ಹಳದಿಯಾದರೆ ಮೈಯಲ್ಲಿ ನೀರು ಸಾಲದು. ಕಕ್ಕ ದಿನಕ್ಕೊಮ್ಮೆ, ಟೂತ್‌ಪೇಸ್ಟಿನ ಹದದಲ್ಲಿ ಹಳದಿ ಅಥವಾ ಕಂದು ಬಣ್ಣಕ್ಕೆ ಬಂದರೆ ಸರಿ. ಹಸಿರು, ಬಿಳಿ, ನೀರುನೀರು ಯಾವುದೂ ಸರಿಯಲ್ಲ.

6. ಚಿಗಟ, ಕಣ್ಣು, ಮನೆಮದ್ದು

ಚಿಗಟವೆಂದರೆ ಸಣ್ಣ ತೊಂದರೆಯಲ್ಲ. ಹತ್ತಿಪ್ಪತ್ತು ಚಿಗಟ ಸೇರಿದರೆ ಇಷ್ಟು ಪುಟ್ಟ ಮೈಯ ರಕ್ತವೇ ಸಾಲದೆ ಬರುತ್ತದೆ. ಒಸಡು ಗುಲಾಬಿಯಿಂದ ಬಿಳಿಚಿಕೊಂಡರೆ ರಕ್ತಹೀನತೆ. ಚಿಗಟದ ಮದ್ದುಗಳು ಈ ವಯಸ್ಸಿಗೆ ಹೇಳಿದವಲ್ಲ. ನಾಯಿಗೆ ಹಾಕುವ ಹನಿಮದ್ದಿನ ಕೆಲವದರಲ್ಲಿರುವ ಪರ್ಮೆಥ್ರಿನ್ ದೊಡ್ಡ ಬೆಕ್ಕನ್ನೇ ಕೊಲ್ಲುತ್ತದೆ. ಹಲ್ಲು ಒತ್ತಾಗಿರುವ ಹೇನು ಬಾಚಣಿಗೆಯಲ್ಲಿ ಬಾಚಿ, ಸಿಕ್ಕ ಚಿಗಟವನ್ನು ಸಾಬೂನು ನೀರಿಗೆ ಹಾಕಿ. ಹಾಸಿದ ಬಟ್ಟೆಯನ್ನು ದಿನವೂ ಬಿಸಿನೀರಲ್ಲಿ ಒಗೆಯಿರಿ.

ಕಣ್ಣನ್ನು ಬಲವಂತವಾಗಿ ಬಿಡಿಸಬೇಡಿ. ಆದರೆ ಮುಚ್ಚಿದ ರೆಪ್ಪೆಯ ಕೆಳಗೆ ಊದಿಕೊಂಡಿದ್ದರೆ, ಮೂಲೆಯಲ್ಲಿ ಕೀವು ಕಂಡರೆ ಒಳಗೆ ಸೋಂಕು ಇದೆ. ಬೆಚ್ಚಗಿನ ನೀರಿನ ಹತ್ತಿಯಲ್ಲಿ ಒರಸಿ ಆ ದಿನವೇ ವೈದ್ಯರಲ್ಲಿಗೆ ಹೋಗಿ. ತಡಮಾಡಿದರೆ ಕಣ್ಣೇ ಹೋಗುತ್ತದೆ.

ಮನೆಮದ್ದಿನ ಬಗ್ಗೆ ನಾನು ಕಟುವಾಗಿಯೇ ಹೇಳುತ್ತೇನೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಕಾಲು ಮಾತ್ರೆಯೂ ಬೇಡ. ಡೆಟ್ಟಾಲ್, ಫಿನಾಯಿಲ್ ನೆಲಕ್ಕೂ ಬಳಸಬೇಡಿ, ಮರಿ ಅಲ್ಲೇ ತೆವಳಿ ಕಾಲು ನೆಕ್ಕುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ ದೂರ ಇರಲಿ. ಇಲಿಪಾಷಾಣ ಇಟ್ಟ ಮನೆಯಲ್ಲಿ ವಿಷ ತಿಂದ ಇಲಿಯನ್ನು ತಾಯಿಬೆಕ್ಕು ಹಿಡಿದರೆ ಎಲ್ಲ ಮುಗಿಯಿತು.

ಮರಿಯಾದರೂ ಗೀರಿದರೆ, ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ತಾಯಿ ಯಾವುದು, ಅದಕ್ಕೆ ಏನು ಕಚ್ಚಿತ್ತು ಎಂಬುದು ಗೊತ್ತಿಲ್ಲದ ಮರಿಯ ವಿಷಯದಲ್ಲಿ ರೇಬಿಸ್ ಜೊತೆ ಆಟ ಬೇಡ.

7. ಮೃಗಾಸ್ಪತ್ರೆಗೆ ಹೋಗುವಾಗ

ಹಾಲು ಚೀಪದ ಮರಿ, ತೂಕ ಇಳಿದ ಮರಿ, ನಿಲ್ಲದ ಕಿರುಚಾಟ, ಬೇಧಿ, ಬಾಯಿ ತೆರೆದು ಉಸಿರಾಟ: ಯಾವುದಿದ್ದರೂ ಕಾಯಬೇಡಿ. ದಾರಿಯುದ್ದಕ್ಕೂ ಬಿಸಿನೀರಿನ ಬಾಟ್ಲಿ ಜೊತೆಗಿರಲಿ. ತೂಕದ ನೋಟ್‌ಬುಕ್ಕನ್ನೂ ಒಯ್ಯಿರಿ, ವೈದ್ಯರು ಮೊದಲು ಕೇಳುವುದು ಅದನ್ನೇ.

ನಮ್ಮಲ್ಲಿ ಭಾಷೆಯ ತೊಡಕೂ ಇದೆ. ತೆಂಕಣ ಜಿಲ್ಲೆಗಳಿಂದ ಬಂದ ವೈದ್ಯರಿಗೆ ಕನ್ನಡವೂ ತುಳುವೂ ಬಾರದಿರಬಹುದು, ನಮ್ಮ ಒಳನಾಡಿನ ಹಿರಿಯರಿಗೆ ಮಲಯಾಳ ಅಷ್ಟಕ್ಕಷ್ಟೆ. ನಾಲ್ಕೈದು ಪದ ನೆನಪಿರಲಿ. ಬೇಧಿಗೆ ‘ವಯರಿಳಕ್ಕಂ’, ವಾಂತಿಗೆ ‘ಛರ್ದಿ’, ಚಿಗಟಕ್ಕೆ ‘ಚೆಳ್ಳ್’, ಹೊಟ್ಟೆಹುಳಕ್ಕೆ ‘ವಿರ’, ತೂಕಕ್ಕೆ ‘ತೂಕ್ಕಂ’. ಪೂಚ್ಚ ಎಂದರೆ ನಮ್ಮ ಪುಚ್ಚೆಯೇ ಎಂದು ಬೇರೆ ಹೇಳಬೇಕಾಗಿಲ್ಲ.

ಹುಳದ ಮದ್ದು ಎರಡು ಮೂರು ವಾರದಲ್ಲೇ ಶುರುವಾಗುತ್ತದೆ, ಯಾಕೆಂದರೆ ಜಂತುಹುಳ ತಾಯಿಯ ಹಾಲಿನಿಂದಲೇ ಬರುತ್ತದೆ. ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ, ತೂಕಕ್ಕೆ ತಕ್ಕ ಅಳತೆಯನ್ನು ವೈದ್ಯರೇ ಹೇಳಬೇಕು. ಲಸಿಕೆ ಆರರಿಂದ ಎಂಟು ವಾರಕ್ಕೆ ಆರಂಭ. ಬೆಕ್ಕಿನ ಮೂರು ವೈರಸ್ ರೋಗಗಳಿಗೆ ಒಟ್ಟಾಗಿ ಹಾಕುವ ಚುಚ್ಚುಮದ್ದು ಅದು, ಮೂರು ನಾಲ್ಕು ವಾರಕ್ಕೊಮ್ಮೆ ಮರುಡೋಸ್ ಇರುತ್ತದೆ. ರೇಬಿಸ್ ಲಸಿಕೆ 12 ವಾರದ ಹೊತ್ತಿಗೆ. ಹುಟ್ಟಿದ ಮೊದಲ ದಿನ ತಾಯಿಯ ಗಿಣ್ಣುಹಾಲು ಸಿಗದ ಮರಿಗೆ ರೋಗನಿರೋಧಕ ಶಕ್ತಿ ಕಡಿಮೆ, ಅದನ್ನು ವೈದ್ಯರಿಗೆ ಮರೆಯದೆ ತಿಳಿಸಿ.

ಎಲ್ಲ ಸರಿಯಾಗಿ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ. ನಿನ್ನೆ ಕುಡಿದದ್ದು ಇವತ್ತು ಬೆಳಿಗ್ಗೆ ತಣ್ಣಗೆ ಮಲಗಿರುತ್ತದೆ. ಹುಟ್ಟಿನಿಂದಲೇ ಒಳಗೆ ಊನವಿದ್ದಿರಬಹುದು. ಅದನ್ನು ನಿಮ್ಮ ತಪ್ಪೆಂದು ಹೊತ್ತುಕೊಂಡು ಉಳಿದವುಗಳ ಹಾಲಿನ ಹೊತ್ತು ತಪ್ಪಿಸಬೇಡಿ.

8. ನಾಲ್ಕು ವಾರದ ಮೇಲೆ

ಮರಿ ನಿಪ್ಪಲ್ ಕಚ್ಚತೊಡಗಿದರೆ ತಿನ್ನಲು ತಯಾರು ಎಂದರ್ಥ. ಅದೇ ಹಾಲಿನಲ್ಲಿ ಮರಿಗಳ ಒಣ ತಿಂಡಿಯನ್ನು ನೆನೆಸಿ ಗಂಜಿಯಂತೆ ಮಾಡಿ ತಗ್ಗು ತಟ್ಟೆಯಲ್ಲಿ ಇಡಿ. ಮೊದಲ ದಿನ ತಟ್ಟೆಯೊಳಗೇ ನಡೆದು ಮೈಯೆಲ್ಲ ಮಾಡಿಕೊಳ್ಳುತ್ತದೆ, ಒರಸುವ ಬಟ್ಟೆ ಹತ್ತಿರವಿರಲಿ. ದಿನದಿನಕ್ಕೆ ಹಾಲು ಕಡಿಮೆ ಮಾಡುತ್ತ ಬನ್ನಿ. ತಟ್ಟೆಯಲ್ಲಿ ನೀರು ಯಾವಾಗಲೂ ಇರಲಿ.

ಕಕ್ಕಕ್ಕೆ ತಗ್ಗು ಟ್ರೇಯಲ್ಲಿ ತೊಳೆದು ಒಣಗಿಸಿದ ಹೊಯಿಗೆ ಅಥವಾ ಹರಿದ ಪೇಪರ್ ಹಾಕಿ, ಊಟವಾದ ಕೂಡಲೇ ಅದರಲ್ಲಿ ಇಡಿ. ಎರಡು ಮೂರು ದಿನದಲ್ಲಿ ಕಲಿಯುತ್ತದೆ. ಒದ್ದೆಯಾದರೆ ಉಂಡೆಕಟ್ಟುವ ಅಂಗಡಿಯ ಹುಡಿ ಈ ವಯಸ್ಸಿಗೆ ಬೇಡ, ತಿಂದರೆ ಹೊಟ್ಟೆಯಲ್ಲೂ ಉಂಡೆಕಟ್ಟುತ್ತದೆ.

ಎರಡರಿಂದ ಏಳು ವಾರದ ನಡುವೆ ಮರಿ ಯಾರನ್ನು ನಂಬಬೇಕೆಂದು ಕಲಿಯುತ್ತದೆ. ದಿನಕ್ಕೆ ನಾಲ್ಕೈದು ಸಲ ಮಡಿಲಲ್ಲಿ ಇಟ್ಟುಕೊಂಡು ಮಾತಾಡಿಸಿ, ಮಿಕ್ಸಿಯ ಸದ್ದು, ನಾಯಿಯ ಬೊಗಳು ಕೇಳಿಸಿಕೊಳ್ಳಲಿ. ಕೈಬೆರಳನ್ನೇ ಆಟಿಕೆ ಮಾಡಿ ಕಚ್ಚಿಸಿಕೊಳ್ಳಬೇಡಿ, ಆರು ತಿಂಗಳ ಬಳಿಕ ಅದು ಆಟವಾಗಿ ಉಳಿಯುವುದಿಲ್ಲ. ಎಂಟು ವಾರಕ್ಕೆ ಮೊದಲು ಬೇರೆ ಮನೆಗೆ ಕೊಡಬೇಡಿ. ರಾತ್ರಿ ಒಳಗೇ ಇರಲಿ. ಹೊರಗೆ ಗಂಡುಬೆಕ್ಕೂ ನಾಯಿಯೂ ಇವೆ.

ಇನ್ನು ತಾಯಿ. ಮರಿ ಮೊಲೆ ಕುಡಿಯುತ್ತಿರುವಾಗಲೇ ಅದು ಮತ್ತೆ ಗಬ್ಬವಾಗಬಲ್ಲದು, ಒಂಬತ್ತು ವಾರಕ್ಕೆ ಮುಂದಿನ ಸಾಲು ಅಟ್ಟದ ಮೇಲಿರುತ್ತದೆ. ಹೆಣ್ಣುಮರಿಗೂ ನಾಲ್ಕೈದು ತಿಂಗಳಿಗೇ ಅದು ಸಾಧ್ಯ. ಮರಿಗಳು ಹಾಲು ಬಿಟ್ಟು ಎರಡು ವಾರ ಕಳೆದು ತಾಯಿಯ ಮೊಲೆ ಒಣಗಿದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮೃಗಾಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಕೊಳ್ಳಿ, ಹಿಂದಿನ ರಾತ್ರಿ ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ಫೋನಿನಲ್ಲೇ ಕೇಳಿ. ಒಯ್ಯುವಾಗ ಗೋಣಿಯಲ್ಲಿ ತುರುಕಬೇಡಿ, ಉಸಿರುಕಟ್ಟುತ್ತದೆ. ಹಣ್ಣಿನಂಗಡಿಯ ಎರಡು ಪ್ಲಾಸ್ಟಿಕ್ ಕ್ರೇಟುಗಳನ್ನು ಬಾಯಿಗೆ ಬಾಯಿ ಸೇರಿಸಿ ನಾಲ್ಕೂ ಮೂಲೆಯಲ್ಲಿ ಹಗ್ಗ ಬಿಗಿದರೆ ಒಳ್ಳೆಯ ಪಂಜರ. ಮೇಲೊಂದು ಬೈರಾಸು ಹೊದೆಸಿ. ಅಟೋರಿಕ್ಷಾದಲ್ಲಿ ಕೂತ ಮೇಲೆ ಪಾಪ ಎಂದು ಹಗ್ಗ ಸಡಿಲಿಸಿದರೆ ಪುಚ್ಚೆ ಕುಂಬಳೆ ಪೇಟೆಯ ನಡುವೆಯೇ ಹಾರಿ ಹೋಗುತ್ತದೆ, ಮರಿಗಳು ಇಲ್ಲಿ, ತಾಯಿ ಅಲ್ಲಿ.